ಹದಿನಾಲ್ಕು ಬಾಗಿಲ ಪಟ್ಟಿ

ನವೆಂಬರ್ 11, ಸೋಮವಾರ

ಈ ನೋಟ್‌ಬುಕ್ ತಂದದ್ದು ಶ್ಯಾಮಲ ಮೇಡಂ ಹೇಳಿದ್ದಕ್ಕೆ. ಆಸ್ಪತ್ರೆಯಲ್ಲಿ ಊಟ-ತಿಂಡಿಯ ವಿಚಾರ ನೋಡುವವರು ಅವರು. ತಿಂದದ್ದು ಏನು, ಎಷ್ಟು, ಆಮೇಲೆ ಟಾಯ್ಲೆಟ್ಟಿಗೆ ಹೋದದ್ದು ಎಷ್ಟು ಸಲ, ಇಷ್ಟು ಬರೆದುಕೊಂಡು ಬನ್ನಿ ಅಂದರು. ಗೆರೆ ಎಳೆದು ಮೂರು ಕಾಲಂ ಮಾಡಿಯೂ ತೋರಿಸಿದರು. ನಾನು ಮನೆಗೆ ಬಂದು ಎಳೆದ ಗೆರೆ ಅವರದಕ್ಕಿಂತ ನೇರವಾಗಿದೆ. ನೋಟ್‌ಬುಕ್ಕಿನ ಮುಂದಿನ ಅರ್ಧ ಅವರಿಗೆ. ಹಿಂದಿನ ಅರ್ಧ ನನಗೆ, ಅದನ್ನು ಯಾರಿಗೂ ತೋರಿಸುವುದಿಲ್ಲ.

ಕೊನೆಯ ಪುಟದಲ್ಲಿ ಒಂದು ಪಟ್ಟಿ ಬರೆದಿಟ್ಟಿದ್ದೇನೆ. ಕೆಜಿಎಫ್‌ನಿಂದ ಬಂಗಾರಪೇಟೆ, ಅಲ್ಲಿಂದ ಕಾಮಸಮುದ್ರ, ಮಧ್ಯಾಹ್ನದ ಮೇಲೆ ಬೇತಮಂಗಲ, ಇದು ನನ್ನ ಬಸ್ಸಿನ ರೂಟು. ಈ ರೂಟಿನಲ್ಲಿ ಹೆಂಗಸೊಬ್ಬಳು ಹೋಗಬಹುದಾದ ಟಾಯ್ಲೆಟ್‌ಗಳು ಹದಿನಾಲ್ಕು. ಯಾವುದಕ್ಕೆ ಚಿಲಕವಿಲ್ಲ, ಯಾವುದರಲ್ಲಿ ನೀರಿಲ್ಲ, ಯಾವುದರ ಬೀಗದ ಕೈ ಪಕ್ಕದ ಟೀ ಅಂಗಡಿಯಲ್ಲಿ ಸಿಗುತ್ತದೆ, ಎಲ್ಲವೂ ನನಗೆ ಬಾಯಿಪಾಠ. ಮೂರು ವರ್ಷ ಅನುಭವಿಸಿ ಕಲಿತ ವಿದ್ಯೆ ಇದು. ದೊಡ್ಡ ಕರುಳಿನಲ್ಲಿ ಹುಣ್ಣು, ಅಲ್ಸರೇಟಿವ್ ಕೊಲೈಟಿಸ್ ಅಂತ ಹೆಸರು. ಮಾತ್ರೆ ತಗೊಂಡು ರಕ್ತ ಬೀಳುವುದು ನಿಂತು ಐದು ತಿಂಗಳಾಯಿತು. ಆದರೆ ಹೊಟ್ಟೆಯ ಮೇಲೆ ನಂಬಿಕೆ ಮಾತ್ರ ವಾಪಸ್ ಬಂದಿಲ್ಲ.

ಡಿಪೋ ಮ್ಯಾನೇಜರ್ ಒಳ್ಳೆಯ ಮನುಷ್ಯ. ಕರೆದು ಕೂರಿಸಿ, "ತ್ರಿವೇಣಿ, ರೂಟ್ ಬಿಟ್ಟು ಆಫೀಸ್ ಕೆಲಸ ತಗೊಳ್ಳಿ. ಫೆಬ್ರವರಿ ಕೊನೆಯೊಳಗೆ ಯೋಚನೆ ಮಾಡಿ ಬರೆದುಕೊಡಿ" ಅಂದರು. ಹನ್ನೊಂದು ವರ್ಷದಿಂದ ಟಿಕೆಟ್ ಮಿಷನ್ ಹಿಡಿದ ಕೈ ಇದು. ನಮ್ಮ ಊರಿನಿಂದ ಖಾಕಿ ಹಾಕಿದ ಮೊದಲ ಹೆಂಗಸು ನಾನು. ಆಫೀಸಿನಲ್ಲಿ ಕೂತು ಕಾಗದಕ್ಕೆ ಮೊಹರು ಒತ್ತುವವಳಲ್ಲ. ಬಾಯಲ್ಲಿ ಮಾತ್ರ "ಸರಿ ಸಾರ್" ಅಂದು ಬಂದೆ.

ಇವತ್ತು ಐದು ಸಲ.

ನವೆಂಬರ್ 12, ಮಂಗಳವಾರ

ಮೂರು ವರ್ಷದಿಂದ ನನ್ನ ಊಟ ಬಿಳಿ ಅನ್ನ, ಮೊಸರು, ಗಂಜಿ ನೀರು. ರಾಗಿ ಇಲ್ಲ, ಕಾಳಿಲ್ಲ, ಸೊಪ್ಪಿಲ್ಲ. ಯಾವ ಡಾಕ್ಟರೂ ಹೇಳಿದ್ದಲ್ಲ, ಹೆದರಿಕೆ ಹೇಳಿದ್ದು. ಈಗ ಶ್ಯಾಮಲ ಮೇಡಂ ಅದನ್ನೆಲ್ಲ ತಲೆಕೆಳಗು ಮಾಡಿದ್ದಾರೆ. ಕಾಯಿಲೆ ತಣ್ಣಗಿದೆ, ಇನ್ನು ನಾರಿನ ಪದಾರ್ಥ ಶುರು ಮಾಡಬೇಕಂತೆ. ಎಲ್ಲ ನಾರೂ ಅಲ್ಲ, ನಮಗೆ ಅರಗದೆ ದೊಡ್ಡ ಕರುಳಿನವರೆಗೆ ಹೋಗಿ, ಅಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಮೇವಾಗುವ ನಾರು. ಪ್ರಿಬಯೋಟಿಕ್ ಅಂದರು. ರಾಗಿ, ಬೇಯಿಸಿದ ಈರುಳ್ಳಿ, ಬಾಳೆಕಾಯಿ, ಸಿಪ್ಪೆ ತೆಗೆದ ಕಾಳು, ಮಾಡಿ ತಣ್ಣಗಾದ ಅನ್ನ. "ಒಂದೊಂದು ಚಮಚದಿಂದ ಶುರು. ಚೆನ್ನಾಗಿ ಅಗಿದು ತಿನ್ನಿ. ಮಾತ್ರೆ ಒಂದು ದಿನವೂ ಬಿಡಬಾರದು. ಇದು ಎಲ್ಲರಿಗೂ ಒಗ್ಗುತ್ತೆ ಅಂತ ನಾನು ಮಾತು ಕೊಡಲ್ಲ. ಕಾಯಿಲೆ ಕೆರಳಿದಾಗ ಇದೇ ನಾರು ಕೆಲವರಿಗೆ ತೊಂದರೆ ಮಾಡುತ್ತೆ. ನೋಡ್ತಾ ನೋಡ್ತಾ ಹೋಗೋಣ" ಅಂದರು.

ಅತ್ತೆ ಆದಿಲಕ್ಷ್ಮಮ್ಮನವರಿಗೆ ಇದನ್ನು ಹೇಗೆ ಹೇಳುವುದು ಅಂತ ಬಸ್ಸಿನಲ್ಲೆಲ್ಲ ಯೋಚಿಸಿದ್ದೆ. ಅವರಿಗೆ ನನಗಿಂತ ಬೇಗ ಅರ್ಥವಾಯಿತು.

"ಅಯ್ಯೋ, ಅಷ್ಟೇನಾ? ಅಸು ಒಟ್ಟೇಗೂ ಅಂಗೇ ಕಣಮ್ಮಿ. ಬರೀ ಒಣಹುಲ್ಲು ತಿಂತಿದ್ದ ಅಸುಗೆ ಒಂದೇ ಸಲ ಅಸಿ ಮೇವು ಆಕುದ್ರೆ ಉಬ್ಬರ ಬಂದು ಬಿದ್ಕೊಂತದೆ. ಇಷ್ಟಿಷ್ಟೇ ಬೆರ್ಸಿ ಆಕ್ಬೇಕು."

ಮೂರು ಸೀಮೆಹಸು ಸಾಕಿ ಮಗನನ್ನು ಓದಿಸಿದವರು ಅವರು. ನನ್ನನ್ನೂ ಕೊಟ್ಟಿಗೆಯ ಲೆಕ್ಕಕ್ಕೆ ಸೇರಿಸಿದರಲ್ಲ ಅಂತ ನಗು ಬಂತು. ಆದರೆ ತಣ್ಣಗಾದ ಅನ್ನದ ಮಾತು ಎತ್ತಿದ ಕೂಡಲೇ ಮುಖ ಗಂಟಿಕ್ಕಿದರು.

"ತಂಗಳಾ? ನಮ್ಮನೇಲಾ? ನಾನು ಕೂಲಿಗೆ ಓಗ್ತಿದ್ದಾಗ ಇನ್ನೊಬ್ರ ಮನೆ ತಂಗಳಿಗೆ ಕೈಯೊಡ್ಡಿದ್ದು ಸಾಕು. ನನ್ ಮನೆ ಸೊಸೆ ಬಿಸಿ ಊಟ ಬಿಟ್ಟು ಇನ್ನೇನೂ ತಿನ್ಬಾರ್ದು ಅಂತ ಒಲೆ ಮುಂದೆ ಆಣೆ ಮಾಡಿವ್ನಿ."

ಅಲ್ಲಿಗೆ ಮಾತು ಮುಗಿಯಿತು.

ನವೆಂಬರ್ 16, ಶನಿವಾರ

ರಾಗಿ ಅಂಬಲಿ, ಎರಡು ಚಮಚ. ಹೊಟ್ಟೆ ಗುಡುಗಿತು. ನಾಲ್ಕು ಸಲ. ಬೇತಮಂಗಲದ ಟಾಯ್ಲೆಟ್ಟಿಗೆ ಹೊಸ ಬೀಗ, ಕೈ ಯಾರ ಹತ್ತಿರ ಅಂತ ವಿಚಾರಿಸಬೇಕು.

ನವೆಂಬರ್ 25, ಸೋಮವಾರ

ನಮ್ಮ ಡ್ರೈವರ್ ಕುಪ್ಪುಸ್ವಾಮಿ ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನವರು. ನಾನು ಕುಪ್ಪಣ್ಣ ಅನ್ನುತ್ತೇನೆ, ಅವರು ನನ್ನನ್ನು ತಂಗಚ್ಚಿ ಅನ್ನುತ್ತಾರೆ. ಆರು ವರ್ಷದಿಂದ ಒಂದೇ ಗಾಡಿ. ನಾನು ಎರಡು ಸಲ ವಿಸಿಲ್ ಊದಿ ಓಡಿದರೆ ಎಲ್ಲಿಗೆ ಅಂತ ಕೇಳುವುದಿಲ್ಲ. ಟೈರ್ ನೋಡುವವರಂತೆ ಕೆಳಗಿಳಿದು ನಿಲ್ಲುತ್ತಾರೆ. ಅವರಿಗೆ ಗೊತ್ತಿದೆ ಅಂತ ನನಗೂ ಗೊತ್ತು, ಆದರೂ ಒಂದು ದಿನವೂ ಆ ವಿಷಯ ಮಾತಾಡಿಲ್ಲ.

ಇವತ್ತು ಕಾಮಸಮುದ್ರದಲ್ಲಿ ಗಾಡಿ ನಿಂತಾಗ ಅವರ ಕ್ಯಾರಿಯರ್ ಕಡೆ ಕಣ್ಣು ಹೋಯಿತು. ನೀರಿನಲ್ಲಿ ನೆನೆದ ಅನ್ನ, ಮಜ್ಜಿಗೆ, ಉಪ್ಪು.

"ಏನಣ್ಣಾ ಅದು, ತಂಗಳಾ?"

"ಪಳೈಯ ಸೋರು, ತಂಗಚ್ಚಿ. ತಂಗಳು ಅಂತ ಸದರ ಮಾಡ್ಬೇಡ. ನಮ್ಮಪ್ಪ ಇದನ್ನ ತಿಂದೇ ಶಾಫ್ಟ್ ಒಳಕ್ಕೆ ಇಳೀತಿದ್ರು. ಭೂಮಿ ಒಳಗೆ ಆ ಸೆಕೆಗೆ ಬಿಸಿ ಊಟ ತಿಂದೋರು ಮಧ್ಯಾಹ್ನಕ್ಕೇ ಸುಸ್ತು. ನಮ್ಮಪ್ಪ ಸಂಜೆ ಗಂಟೆ ಹೊಡೆಯೋವರೆಗೂ ನಿಂತಿರೋರು."

ಅದನ್ನು ಹೇಳುವಾಗ ಅವರ ಕುತ್ತಿಗೆ ಒಂದಿಂಚು ಉದ್ದವಾಯಿತು. ನಮ್ಮ ಅತ್ತೆ ನಾಚಿಕೊಳ್ಳುವ ಬಟ್ಟಲಿನ ಮುಂದೆ ಈ ಮನುಷ್ಯ ರಾಜನಂತೆ ಕೂತಿದ್ದಾನಲ್ಲ ಅಂತ ನನಗೆ ಆಶ್ಚರ್ಯವಾಯಿತು. ಮನೆಗೆ ಬಂದು ಅತ್ತೆಗೆ ಒಂದಕ್ಷರ ಬಿಡದೆ ಹೇಳಿದೆ. ಕೇಳಿಸಿಕೊಂಡು, ಹಾಲು ಕರೆಯಲು ಎದ್ದು ಹೋದರು.

ಮೂರು ಸಲ.

ನವೆಂಬರ್ 27, ಬುಧವಾರ

ಬೆಳಿಗ್ಗೆ ಐದು ಗಂಟೆಗೆ ಅತ್ತೆ ನನ್ನ ಮುಂದೆ ಒಂದು ಬಟ್ಟಲು ಇಟ್ಟರು. ನಿನ್ನೆ ರಾತ್ರಿ ಮಾಡಿ, ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟ ಅನ್ನ, ಮಜ್ಜಿಗೆ. ಕೊಡುವ ಮುಂಚೆ ಬೀದಿ ಬಾಗಿಲು ಹಾಕಿ ಚಿಲಕ ಎಳೆದರು, ಕಿಟಕಿಯನ್ನೂ ಮುಚ್ಚಿದರು.

"ಬೇಗ ತಿಂದ್ಬಿಡು. ಎದುರು ಮನೆಯೋಳು ನೋಡಿದ್ರೆ, ಸಂಬ್ಳ ತರೋ ಸೊಸೆಗೆ ತಂಗಳಿಕ್ತಾಳೆ ಅಂತ ಊರೆಲ್ಲ ಸಾರ್ತಾಳೆ."

ಕದ್ದ ಬೆಲ್ಲ ತಿಂದಂತೆ ನಾಲ್ಕು ಚಮಚ ತಿಂದೆ. ನಮ್ಮವರು, ವಿಜಯಕುಮಾರ್, ಹಾಲಿನ ಡೇರಿಯಿಂದ ಬಂದು ಬಾಗಿಲು ಬಡಿದರೂ ನಾನು ಮುಗಿಸುವವರೆಗೆ ಅತ್ತೆ ತೆಗೆಯಲಿಲ್ಲ.

ಡಿಸೆಂಬರ್ 9, ಸೋಮವಾರ

ಎರಡು ಸಲ. ತಪ್ಪು ಬರೆದಿಲ್ಲ, ಎರಡೇ. ಅಂಬಲಿ ಅರ್ಧ ಲೋಟಕ್ಕೆ ಬಂದಿದೆ, ತಂಗಳು ಒಂದು ಸೌಟಿಗೆ. ಶ್ಯಾಮಲ ಮೇಡಂ ಫೋನಿನಲ್ಲಿ "ವೆರಿ ಗುಡ್, ಹೀಗೇ ನಿಧಾನವಾಗಿ ಹೋಗಿ" ಅಂದರು. ನಿಧಾನ ಅನ್ನುವುದು ಬೇರೆಯವರಿಗೆ ಇರಬಹುದು. ನಾನು ಹಿಡಿದ ಕೆಲಸ ಬೇಗ ಮುಗಿಸುವವಳು.

ಡಿಸೆಂಬರ್ 20, ಶುಕ್ರವಾರ

ಬಂಗಾರಪೇಟೆ ಬಸ್ ಸ್ಟ್ಯಾಂಡಿನ ಪಕ್ಕ ಅವರೆಕಾಯಿ ರಾಶಿ. ಸೊಗಡಿನ ವಾಸನೆ ಬಸ್ಸಿನೊಳಗೇ ನುಗ್ಗಿತು. ಮೂರು ಚಳಿಗಾಲ ನಾನು ಆ ವಾಸನೆಗೆ ಮೂಗು ಮುಚ್ಚಿಕೊಂಡು ಟಿಕೆಟ್ ಕೊಟ್ಟಿದ್ದೇನೆ. ಇವತ್ತು ಕೊಂಡೆ.

ಮನೆಯಲ್ಲಿ ಅತ್ತೆ ಇರಲಿಲ್ಲ, ತವರಿಗೆ ಹೋಗಿದ್ದರು. ಅವರಿದ್ದಿದ್ದರೆ ಕಾಳು ನೆನೆಹಾಕಿ, ಒಂದೊಂದನ್ನೇ ಹಿತುಕಿ, ಸಿಪ್ಪೆ ತೆಗೆಯದೆ ಒಲೆಗೆ ಇಡುತ್ತಿರಲಿಲ್ಲ. ನನಗೆ ಅಷ್ಟು ತಾಳ್ಮೆ ಎಲ್ಲಿ? ಹಾಗೇ ಬೇಯಿಸಿದೆ. ಒಂದು ಪೂರ್ತಿ ಮುದ್ದೆ ಕಟ್ಟಿದೆ. ಅಗಿದು ತಿನ್ನಿ ಅಂದಿದ್ದರು ಮೇಡಂ. ಮುದ್ದೆ ಅಗಿಯುವುದುಂಟೇ? ನಮ್ಮ ಕಡೆ ಮಗು ಕೂಡ ಮುರಿದು, ಸಾರಿಗೆ ಅದ್ದಿ, ನುಂಗುತ್ತದೆ. ಅಗಿಯುವವರನ್ನು ಕಂಡರೆ ಬೆಂಗಳೂರಿನಿಂದ ಬಂದ ನೆಂಟರು ಅಂತ ನಗುತ್ತೇವೆ. ಗುಳುಂ ಗುಳುಂ ಅಂತ ಇಡೀ ಮುದ್ದೆ ಮುಗಿಸಿ, ಎರಡು ಸಲ ಸಾರು ಬಡಿಸಿಕೊಂಡೆ. ಮೂರು ವರ್ಷದ ಮೇಲೆ ನಾನು ಈ ಊರಿನವಳು ಅನ್ನಿಸಿತು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು.

ಡಿಸೆಂಬರ್ 21, ಶನಿವಾರ

ಬರೆಯುವುದಿಲ್ಲ.

ಡಿಸೆಂಬರ್ 23, ಸೋಮವಾರ

ಬರೆಯುತ್ತೇನೆ. ಬರೆಯದಿದ್ದರೆ ಒಳಗೇ ಕೊಳೆಯುತ್ತದೆ.

ಮೊನ್ನೆ ಶನಿವಾರ ಬಂಗಾರಪೇಟೆ ಬಿಟ್ಟಾಗಲೇ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಕಾಮಸಮುದ್ರಕ್ಕೆ ಇನ್ನೂ ಆರು ಕಿಲೋಮೀಟರ್ ಇರುವಾಗ ತಡೆಯಲಾಗಲಿಲ್ಲ. ನನ್ನ ಪಟ್ಟಿಯ ಹದಿನಾಲ್ಕರಲ್ಲಿ ಒಂದೂ ಅಲ್ಲಿಲ್ಲ. ಎರಡೂ ಕಡೆ ಕೊಯ್ದ ಹೊಲ, ಮರೆಗೆ ಒಂದು ಪೊದೆಯೂ ಇಲ್ಲ. ವಿಸಿಲ್ ಊದಿದೆ. ಬಸ್ಸು ನಿಂತಿತು. ನಲವತ್ತು ಜನ ನನ್ನನ್ನೇ ನೋಡುತ್ತಿದ್ದರು. ಒಬ್ಬ ಗಂಡಸು, "ಏನ್ ಕಂಡಕ್ಟ್ರೇ, ಇಲ್ಯಾವ ಸ್ಟಾಪು?" ಅಂತ ಕೇಳಿಯೂಬಿಟ್ಟ.

ದಿನಾ ಸೊಪ್ಪಿನ ಕಟ್ಟು ಹೊತ್ತು ಬರುವ ಅಮ್ಮಾಜಮ್ಮ ನನ್ನ ಮುಖ ಒಂದು ಸಲ ನೋಡಿದರು. ಕಟ್ಟನ್ನು ಅಲ್ಲೇ ಇಟ್ಟು ಎದ್ದರು.

"ರಾ ತಾಯಿ" ಅಂತ ನನ್ನ ಕೈ ಹಿಡಿದು ಇಳಿಸಿದರು. ಹಿಂದಿನ ಸೀಟಿನ ಹೆಂಗಸಿನ ಕೈಯಿಂದ ಛತ್ರಿ ಕಿತ್ತುಕೊಂಡರು. ಬದುವಿನ ಹಿಂದೆ ಛತ್ರಿ ಬಿಚ್ಚಿ, ಸೆರಗು ಹರಡಿ, ಬಸ್ಸಿನ ಕಡೆ ಬೆನ್ನು ಮಾಡಿ ಗೋಡೆಯಂತೆ ನಿಂತರು. ಕುಪ್ಪಣ್ಣ ಗಂಡಸರನ್ನೆಲ್ಲ ಇಳಿಸಿ ರಸ್ತೆಯ ಆಚೆ ಬದಿಗೆ ಕರೆದುಕೊಂಡು ಹೋಗಿ ಟೈರ್ ತೋರಿಸುತ್ತಿದ್ದರು. ಯಾವ ಟೈರೋ, ಏನೋ.

ವಾಪಸ್ ಬರುವಾಗ ನೆಲದಿಂದ ಕಣ್ಣು ಎತ್ತಲಾಗಲಿಲ್ಲ. ಅಮ್ಮಾಜಮ್ಮ ಹೇಳಿದರು: "ಮೂರ್ ವರ್ಷದಿಂದ ನೋಡ್ತಾ ಇವ್ನಮ್ಮಾ. ನೀನು ಓಡೋದು, ಬರೋದು. ಎಲ್ರಿಗೂ ಗೊತ್ತು. ನೀನೇ ಯೋಳ್ಲಿಲ್ಲ, ನಾವು ಕೇಳ್ಲಿಲ್ಲ."

ಎಲ್ಲರಿಗೂ ಗೊತ್ತಂತೆ. ನಾನು ಮೂರು ವರ್ಷ ಬಚ್ಚಿಟ್ಟದ್ದು ಯಾರಿಂದ?

ಡಿಸೆಂಬರ್ 24, ಮಂಗಳವಾರ

ಶ್ಯಾಮಲ ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ರಕ್ತ ಇದೆಯಾ? ಜ್ವರ ಇದೆಯಾ?" ಅಂತ ಕೇಳಿದರು. ಎರಡೂ ಇಲ್ಲ ಅಂದೆ. "ಹಾಗಾದ್ರೆ ಇದು ಕಾಯಿಲೆ ಅಲ್ಲದೇ ಇರಬಹುದು, ಅವಸರ. ಆದರೂ ಒಂದು ಸಲ ಬಂದು ಡಾಕ್ಟರಿಗೆ ತೋರಿಸಿ. ಮತ್ತೆ ಎರಡು ಚಮಚದಿಂದ ಶುರು. ರಕ್ತ ಕಂಡರೆ ಅದೇ ದಿನ ಬರಬೇಕು."

ಅತ್ತೆ ಮಾತ್ರ ಬೈದರು, ಚೆನ್ನಾಗಿ ಬೈದರು. "ಅಸುಗಿರೋ ಬುದ್ಧಿ ನಿಂಗಿಲ್ಲ. ಇತುಕದೆ ಅವರೆ ತಿಂದ್ಳಂತೆ, ಮಾರಾಣಿ!" ಬೈಯುತ್ತಲೇ ಗಂಜಿ ಮಾಡಿ ತಂದು ಪಕ್ಕದಲ್ಲಿ ಕೂತರು.

ಆರು ಸಲ. ಆಫೀಸ್ ಕೆಲಸವೇ ನನ್ನ ಹಣೆಯಲ್ಲಿ ಬರೆದಿರಬೇಕು.

ಜನವರಿ 6, ಸೋಮವಾರ

ಡಾಕ್ಟರು ಪರೀಕ್ಷೆ ಮಾಡಿಸಿ, ಕಾಯಿಲೆ ತಿರುಗಿಲ್ಲ ಅಂದರು. ಮತ್ತೆ ಅಂಬಲಿ, ಎರಡು ಚಮಚ. ಒಂದನೇ ಕ್ಲಾಸಿಗೆ ವಾಪಸ್ ಕೂರಿಸಿದಂತಾಗಿದೆ. ಮೂರು ಸಲ. ಅಮ್ಮಾಜಮ್ಮ ಟಿಕೆಟ್ ತಗೊಳ್ಳುವಾಗ ಆಧಾರ್ ಕಾರ್ಡಿನ ಜೊತೆ ಒಂದು ಕಟ್ಟು ದಂಟಿನ ಸೊಪ್ಪು ಕೈಗಿಟ್ಟರು. "ಎಳೇದು, ಚೆನ್ನಾಗಿ ಬೇಯ್ಸಿ ತಿನ್ನು." ನನ್ನ ಹೊಟ್ಟೆ ಈಗ ಇಡೀ ರೂಟಿನ ಜವಾಬ್ದಾರಿ.

ಜನವರಿ 14, ಸಂಕ್ರಾಂತಿ

ಅತ್ತೆ ರಾತ್ರಿಯೇ ನೆನೆಹಾಕಿದ್ದರು. ಇಬ್ಬರೂ ಜಗುಲಿಯಲ್ಲಿ ಕೂತು ಅವರೆ ಹಿತುಕಿದೆವು. ಬೆರಳ ನಡುವೆ ಒತ್ತಿದರೆ ಕಾಳು ಪುಳಕ್ಕನೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಸಿಪ್ಪೆಯ ನಾರು ಒರಟು, ಒಳಗಿನದು ಮೆತ್ತಗೆ, ನಿಮಗೆ ಒಳಗಿನದು ಸಾಕು ಅಂದಿದ್ದರು ಮೇಡಂ. ನಮ್ಮ ಅಜ್ಜಿಯರು ಯಾವ ಕಾಲೇಜಿನಲ್ಲಿ ಓದಿದ್ದರೋ! ಎರಡು ಚಮಚ ಹಿತುಕಿದ ಬೇಳೆ, ನಿಂಬೆಹಣ್ಣಿನಷ್ಟು ಮುದ್ದೆ. ಅಗಿದು ತಿಂದೆ. ಅತ್ತೆ ಬೇರೆ ಕಡೆ ತಿರುಗಿಕೊಂಡರು, ನೋಡಿದರೆ ನಗು ಬರುತ್ತದಂತೆ.

ಜನವರಿ 29, ಬುಧವಾರ

ಇವತ್ತು ಆನೆ! ಬೆಳಗಿನ ಮೊದಲ ಟ್ರಿಪ್ಪು, ಮಂಜು ಇನ್ನೂ ಬಿಟ್ಟಿರಲಿಲ್ಲ. ಕಾಮಸಮುದ್ರಕ್ಕೆ ಮೂರು ಕಿಲೋಮೀಟರ್ ಇರುವಾಗ ಕುಪ್ಪಣ್ಣ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದರು. ರಸ್ತೆಯ ಮಧ್ಯೆ ನಾಲ್ಕು ಆನೆ, ಒಂದು ಮರಿ. ಪಕ್ಕದ ಟೊಮೆಟೊ ತೋಟ ತುಳಿದು ಬಂದಿದ್ದವು. ಬಸ್ಸಿನಲ್ಲಿ ಒಬ್ಬರು ಕೂಗಲು ಬಾಯಿ ತೆರೆದರು. ನಾನು ಎದ್ದು ನಿಂತು, "ಯಾರೂ ಉಸಿರೆತ್ತಬೇಡಿ, ಫೋನಿನ ಲೈಟ್ ಹಾಕಬೇಡಿ, ಕಿಟಕಿ ಎಳ್ಕೊಳ್ಳಿ" ಅಂದೆ. ಐವತ್ತು ಜನ ಸ್ಕೂಲ್ ಮಕ್ಕಳಂತೆ ಕೂತರು. ನನ್ನ ದನಿಗೆ ಇನ್ನೂ ಬೆಲೆ ಇದೆ.

ಅರಣ್ಯ ಇಲಾಖೆಯವರು ಬಂದು, ಪಟಾಕಿ ಹೊಡೆದು, ಅವು ದಾಟಿ ದೂರ ಹೋಗುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಆನೆಗಳು ಕಾಡಂಚಿಗೆ ಸೇರುವವರೆಗೆ ಬಸ್ಸು ಕದಲಿಸಬೇಡಿ, ಬೇಕಾದವರು ಇಳಿದು ಬಸ್ಸಿನ ಹತ್ತಿರವೇ ಇರಬಹುದು ಅಂದರು. ತವರಿಗೆ ಹೊರಟಿದ್ದ ಬಸುರಿ ಸೆಲ್ವಿ ಸಂಕಟದ ಮುಖ ಮಾಡಿಕೊಂಡು ಕೂತಿದ್ದಳು. ನನಗೆ ಅರ್ಥವಾಯಿತು. ಈಗ ನನ್ನ ಬ್ಯಾಗಿನಲ್ಲೇ ಇರುವ ಛತ್ರಿ ಬಿಚ್ಚಿ, ಅಮ್ಮಾಜಮ್ಮ ಕಲಿಸಿದ ವಿದ್ಯೆಯನ್ನು ಬಸ್ಸಿನ ಹಿಂದೆ ನಾನು ನಿಂತು ತೋರಿಸಿದೆ. ಅವಳು ವಾಪಸ್ ಬರುತ್ತಾ "ರೊಂಬ ಥ್ಯಾಂಕ್ಸ್ ಅಕ್ಕಾ" ಅಂದಳು.

ಆಮೇಲೆ ಹಸಿವಾಯಿತು. ಕುಪ್ಪಣ್ಣ ಬಾನೆಟ್ ಮೇಲೆ ಟವಲ್ ಹಾಸಿ ಪಳೈಯ ಸೋರು ತೆಗೆದರು, ನಾನೂ ನನ್ನ ಕ್ಯಾರಿಯರ್ ತೆಗೆದೆ. ತಂಗಳು, ಮಜ್ಜಿಗೆ, ಬೇಯಿಸಿದ ಈರುಳ್ಳಿ. ಎಲ್ಲರ ಮುಂದೆಯೇ ತಿಂದೆ. ಎದುರು ಮನೆಯವಳೂ ಬಸ್ಸಿನಲ್ಲಿದ್ದಳು ಅನ್ನುವುದು ಕೊನೆಯ ತುತ್ತಿನಲ್ಲಿ ಕಣ್ಣಿಗೆ ಬಿತ್ತು.

ಸಂಜೆ ಮನೆಗೆ ಬಂದರೆ ಅವಳು ಆಗಲೇ ಸುದ್ದಿ ಮುಟ್ಟಿಸಿ ಜಗುಲಿಯಲ್ಲಿ ನಿಂತಿದ್ದಳು. ಅತ್ತೆ ಬೀದಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದರು: "ಊಂ, ತಂಗಳೇ! ನಾನೇ ಕಟ್ಕೊಟ್ಟಿದ್ದು. ಆನೆ ಮುಂದೆ ಕೂತ್ಕೊಂಡು ತಿಂದವ್ಳೆ ನನ್ ಸೊಸೆ. ನಿನ್ ಸೊಸೆ ಬಿಸಿ ಬಿರ್ಯಾನಿ ತಿಂದು ಓಗ್ಲಿ ನೋಡಾಣ ಆ ಆನೆ ತಾವ್ಕೆ!" ಬಾಗಿಲು ಅಗಲವಾಗಿ ತೆರೆದಿತ್ತು. ನನಗೆ ಇಷ್ಟು ಹೆಮ್ಮೆ ಕೆಲಸದ ಆರ್ಡರ್ ಕೈಗೆ ಬಂದ ದಿನವೂ ಆಗಿರಲಿಲ್ಲ.

ಮರಿ ಆನೆ ದಾಟುವಾಗ ಒಂದು ಸಲ ಹಿಂದೆ ತಿರುಗಿ ಬಸ್ಸನ್ನು ನೋಡಿತು. ಅದನ್ನು ಬರೆಯುವುದು ಮರೆತಿದ್ದೆ.

ಫೆಬ್ರವರಿ 17, ಸೋಮವಾರ

ಶ್ಯಾಮಲ ಮೇಡಂ ಹತ್ತಿರ ಹೋಗಿದ್ದೆ. ನೋಟ್‌ಬುಕ್ಕಿನ ಮುಂದಿನ ಅರ್ಧ ತಿರುವಿ ನೋಡುತ್ತಾ ಒಂದು ಕಡೆ ಬೆರಳಿಟ್ಟು ನಿಂತರು.

"ತ್ರಿವೇಣಿ, ಏನು ತಿಂದ್ರಿ ಅಂತ ದಿನಾ ಬರೆದಿದೀರ. ಜನವರಿ ಇಪ್ಪತ್ತೇಳರಿಂದ ಮೂರನೇ ಕಾಲಂ ಖಾಲಿ ಇದೆಯಲ್ಲ?"

ಬಗ್ಗಿ ನೋಡಿದೆ. ನಿಜ. ಮೂರು ವಾರ ಎಷ್ಟು ಸಲ ಅಂತ ಒಂದು ಅಂಕಿಯೂ ಇಲ್ಲ. ನನ್ನಂಥವಳ ಕೈಯಿಂದ ಇಂಥ ತಪ್ಪು! ಮುಖ ಬಿಸಿಯಾಯಿತು. ಪೆನ್ ಕೊಡಿ, ನೆನಪು ಮಾಡಿಕೊಂಡು ಈಗಲೇ ತುಂಬುತ್ತೇನೆ ಅಂದೆ. ಆಮೇಲೆ ಕೂತು ಯೋಚಿಸಿದರೆ ಒಂದು ದಿನದ್ದೂ ನೆನಪಿಗೆ ಬರಲಿಲ್ಲ.

"ಬೇಡ, ಹಾಗೇ ಇರ್ಲಿ" ಅಂದರು ಮೇಡಂ. ಕನ್ನಡಕ ತೆಗೆದು ಒರೆಸಿಕೊಂಡರು. "ಮಾತ್ರೆ ನಿಲ್ಲಿಸಬೇಡಿ. ಪರೀಕ್ಷೆಗೆ ತಪ್ಪದೆ ಬನ್ನಿ. ಬರೆಯೋದು ಇನ್ನು ವಾರಕ್ಕೊಂದು ಸಲ ಸಾಕು." ಅವರೇಕೆ ಅಷ್ಟು ನಗುತ್ತಿದ್ದರೋ ಗೊತ್ತಾಗಲಿಲ್ಲ. ಖಾಲಿ ಬಿಟ್ಟ ಪುಟ ನೋಡಿದರೆ ನನಗೆ ಇನ್ನೂ ಕಸಿವಿಸಿ.

ಫೆಬ್ರವರಿ 27, ಗುರುವಾರ

ಮ್ಯಾನೇಜರ್‌ಗೆ ಬರೆದುಕೊಟ್ಟೆ. "ನಾನು ಈಗಿನ ರೂಟಿನಲ್ಲಿಯೇ ಮುಂದುವರಿಯುತ್ತೇನೆ." ಒಂದೇ ಸಾಲು, ಒಂದೂ ತಿದ್ದಿಲ್ಲ. ಓದಿ, "ಗ್ಯಾರಂಟೀನಾ?" ಅಂದರು. "ಹೊಟ್ಟೆಗೆ ಗ್ಯಾರಂಟಿ ಯಾರು ಕೊಡ್ತಾರೆ ಸಾರ್? ಕೆಟ್ಟರೆ ಬಂದು ಹೇಳ್ತೀನಿ, ಬಚ್ಚಿಡಲ್ಲ" ಅಂದೆ. ಕುಪ್ಪಣ್ಣ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ಬಂದ ಕೂಡಲೇ ಟೈರ್ ನೋಡುವವರಂತೆ ಬಗ್ಗಿದರು.

ಅಂಬಿಕ ಅಂತ ಹೊಸ ಹುಡುಗಿ, ಕಂಡಕ್ಟರ್ ಕೆಲಸಕ್ಕೆ ಸೇರಿ ನಾಲ್ಕು ದಿನ. ನನ್ನ ವಾರದ ರಜೆಯಲ್ಲಿ ಈ ರೂಟು ಅವಳದು. ನನ್ನನ್ನು ಪಕ್ಕಕ್ಕೆ ಕರೆದು, ಸಂಕೋಚಪಡುತ್ತಾ ಮೆಲ್ಲಗೆ ಕೇಳಿದಳು: "ಅಕ್ಕಾ, ಕಾಮಸಮುದ್ರದ ಕಡೆ ಹೆಂಗಸ್ರು ಓಗಾಕೆ ಜಾಗ ಎಲ್ಲೈತೆ?"

ಬಾಯಿ ತೆರೆದೆ. ಕಾಮಸಮುದ್ರದ್ದು... ಬೀಗದ ಕೈ ಟೀ ಅಂಗಡಿಯಲ್ಲೋ, ಪಂಚಾಯಿತಿ ಆಫೀಸಿನಲ್ಲೋ? ಬಾಯಿಪಾಠವಿದ್ದದ್ದು ಬಾಯಿಗೆ ಬರಲಿಲ್ಲ. ವಯಸ್ಸಾಯಿತೇನೋ ಅಂದುಕೊಂಡು ಬ್ಯಾಗಿನಿಂದ ನೋಟ್‌ಬುಕ್ ತೆಗೆದೆ. ಕೊನೆಯ ಪುಟವನ್ನು ಸ್ಕೇಲ್ ಇಟ್ಟು ನೀಟಾಗಿ ಹರಿದು ಅವಳ ಕೈಗಿಟ್ಟೆ.

"ಹದಿನಾಲ್ಕು ಇವೆ. ಚಿಲಕ, ನೀರು, ಬೀಗ, ಎಲ್ಲಾ ಬರೆದಿದೀನಿ. ಇಂಥ ಪಟ್ಟಿ ಈ ಡಿಪೋದಲ್ಲಿ ಇನ್ನೊಬ್ಬರ ಹತ್ರ ಇಲ್ಲ. ಜೊತೆಗೆ ಒಂದು ಛತ್ರಿ ಇಟ್ಕೋ."

ಅಂಬಿಕ ಕಣ್ಣರಳಿಸಿ ಓದಿದಳು. "ಅಕ್ಕಾ, ಕಾಪಿ ಮಾಡ್ಕೊಂಡು ವಾಪಸ್ ಕೊಡ್ತೀನಿ. ನಿಮ್ಗೂ ಬೇಕಲ್ವಾ?"

ಕುಪ್ಪಣ್ಣ ಹಾರ್ನ್ ಹೊಡೆಯುತ್ತಿದ್ದರು. ಬೇತಮಂಗಲದ ಗಾಡಿಗೆ ಹೊತ್ತಾಗಿತ್ತು.

"ನೀನೇ ಇಟ್ಕೊಳಮ್ಮಾ" ಅಂದು ಓಡಿಹೋಗಿ ಬಸ್ ಹತ್ತಿದೆ.